ಚೈನಾ ಮೇಷ್ಟ್ರ ಬಾಯ್ಲರ್

ಹೋದ ತಿಂಗಳು ಚಿಂತಾಮಣಿಯ ನಮ್ಮ ಹಳೆಯ ಕಾಲೇಜಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ತೀರಿಕೊಂಡವರು ರಾಜ್ಯಶಾಸ್ತ್ರದ ಮೇಷ್ಟ್ರು. ಅವರ ಜೊತೆ ಅದೇ ಕಾಲೇಜಿನಲ್ಲಿ ವರ್ಷಗಟ್ಟಲೆ ಕನ್ನಡ ಪಾಠ ಮಾಡಿದ ನಾನು ಹೋಗಿ ಮುಂದಿನ ಸಾಲಿನಲ್ಲೇ ಕೂತಿದ್ದೆ. ಅವರನ್ನು ಒಂದು ದಿನವೂ ಕಂಡಿರದ ಒಬ್ಬರು ಎದ್ದು ನಿಂತು, "ಶಾಂತ ಸ್ವಭಾವದವರು, ಮಿತಭಾಷಿಗಳು, ಎಲ್ಲರಿಗೂ ಬೇಕಾದವರು" ಎಂದು ಸಲೀಸಾಗಿ ಹೇಳಿಬಿಟ್ಟರು. ನನಗೆ ಮೈ ಉರಿದುಹೋಯಿತು. ಸತ್ತವರೆಲ್ಲ ಶಾಂತ ಸ್ವಭಾವದವರೇ ಆಗಬೇಕೆಂದು ಯಾರು ಕಾನೂನು ಮಾಡಿದ್ದಾರೋ ಗೊತ್ತಿಲ್ಲ. ಮನೆಗೆ ಬಂದು ಎರಡು ದಿನ ಸುಮ್ಮನಿದ್ದು ನೋಡಿದೆ, ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಶಿಡ್ಲಘಟ್ಟದಲ್ಲಿರುವ ಅವರ ಅಕ್ಕನ ಮನೆಗೆ ಯಾರಾದರೂ ಹೋಗಿ ಇದೆಲ್ಲ ನಿಜವಾ ಎಂದು ಕೇಳುತ್ತಾರೆ. ಆಮೇಲೆ ಆ ಅಕ್ಕನ ಬಾಯಿಗೆ ನಾನು ಸಿಕ್ಕಬೇಕಾಗುತ್ತದೆ. ಆ ಬಾಯಿಯನ್ನು ಬಲ್ಲವರು ಯಾರೂ ಅಂಥ ಕೆಲಸ ಮಾಡುವುದಿಲ್ಲ.

ಆ ಮನುಷ್ಯ ಒಂದು ಕಡೆ ನೆಟ್ಟಗೆ ಕೂತದ್ದನ್ನು ನಾನು ನೋಡಿದವಳಲ್ಲ. ಸ್ಟಾಫ್ ರೂಮಿನಲ್ಲಿ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಟೀ ಕುಡಿಯುತ್ತಿದ್ದರು. ಮಾತಾಡುವಾಗ ಎರಡು ಕೈಗಳೂ ಆಡುತ್ತಿದ್ದವು. ಕೈಯಲ್ಲಿ ಟೀ ಲೋಟ ಇದ್ದರೂ ಆಡುತ್ತಿದ್ದವು. ನನ್ನ ಎರಡು ಒಳ್ಳೆಯ ಸೀರೆಗಳು ಅವರ ವಿದೇಶಾಂಗ ನೀತಿಗೆ ಬಲಿಯಾಗಿವೆ. ಕ್ಲಾಸಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಲೇ ಪಾಠ. ಮುಂದಿನ ಬೆಂಚಿನ ಹುಡುಗಿಯರು ಟೆನಿಸ್ ಆಟ ನೋಡುವವರ ಹಾಗೆ ಕತ್ತು ತಿರುಗಿಸಿ ತಿರುಗಿಸಿ ಸಾಕಾಗಿ, ಕೊನೆಗೆ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು.

ಎರಡು ಸಾವಿರದ ಐದು, ಆರರ ಮಾತು. ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ, ಪ್ರತಿಯೊಂದಕ್ಕೂ ಕೋಲಾರಕ್ಕೆ ಓಡಬೇಕಾಗಿತ್ತು. ನಾನು ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿದರೆ ಅವರು ಶಿಡ್ಲಘಟ್ಟದಲ್ಲಿ ಹತ್ತುತ್ತಿದ್ದರು. ಪಕ್ಕದ ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ. ಕಂಬಿ ಹಿಡಿದು ನೇತಾಡಿಕೊಂಡು, ಅಂದಿನ ಪೇಪರನ್ನು ಇನ್ನೊಂದು ಕೈಯಲ್ಲಿ ಮಡಚಿಕೊಂಡು, ಚಿಂತಾಮಣಿ ಬರುವ ತನಕ ನನಗೆ ಪಾಠ. ಪಾಠದ ವಿಷಯ ಒಂದೇ: ನಮ್ಮ ದೇಶ, ಚೀನಾ, ಮತ್ತು ಪೆಟ್ರೋಲು. "ನಾವೂ ಬೆಳೀತಾ ಇದೀವಿ, ಅವ್ರೂ ಬೆಳೀತಾ ಇದಾರೆ. ಬೆಳೆಯೋ ಮಕ್ಳು ಇರೋ ಎರಡು ಮನೆ ಅಂತಿಟ್ಕೊಳ್ಳಮ್ಮ. ಇಬ್ರಿಗೂ ಹೊಟ್ಟೆ ತುಂಬ ಹಸಿವು. ಇಬ್ರ ಹಿತ್ಲಲ್ಲೂ ಎಣ್ಣೆ ಇಲ್ಲ. ಇಬ್ರೂ ಅದೇ ಅಂಗಡಿಗೇ ಹೋಗ್ಬೇಕು" ಎನ್ನುತ್ತಿದ್ದರು.

ಒಂದು ಸಲ ಬಸ್ಸು ಕೈಕೊಟ್ಟು ಎಲ್ಲರೂ ಇಳಿದು ನಿಂತಿದ್ದಾಗ ಇವರು ಬಸ್ಸಿನ ಹಿಂದೆ ಹೋಗಿ ಧೂಳಿನ ಮೇಲೆ ಬೆರಳಿನಿಂದ ನಕಾಶೆ ಬರೆದರು. ಅರಬ್ ದೇಶದಿಂದ ಹೊರಟ ಹಡಗು ನಮ್ಮ ಕೆಳಗೆ ಬಳಸಿಕೊಂಡು, ಅಂಡಮಾನಿನ ಪಕ್ಕ ಹಾದು, ಮಲಕ್ಕಾ ಜಲಸಂಧಿಯಲ್ಲಿ ನುಸುಳಿ ಚೀನಾ ಮುಟ್ಟುವ ದಾರಿ. "ಅವರ ಒಲೆ ಉರಿಯೋ ಎಣ್ಣೆಯೆಲ್ಲ ನಮ್ಮ ಬಾಗಿಲ ಮುಂದೆಯೇ ಹೋಗ್ಬೇಕು ನೋಡಿ. ಅವ್ರಿಗೆ ನಮ್ಮ ಭಯ. ಬೆಟ್ಟದ ಮೇಲೆ ಅವ್ರು ಕೂತಿದಾರೆ, ನಮಗೆ ಅವರ ಭಯ. ಇಬ್ರಿಗೂ ಭಯ ಇದ್ರೆ ಒಳ್ಳೇದು ಕಣಮ್ಮ. ಒಬ್ಬನಿಗೇ ಇದ್ರೆ ಕಷ್ಟ" ಎಂದರು. ಸುತ್ತ ಟೊಮೆಟೊ ಕ್ರೇಟಿನವರು, ನೆಂಟರ ಮನೆಗೆ ಹೊರಟವರು ನಿಂತು ಕೇಳುತ್ತಿದ್ದರು. ಕಂಡಕ್ಟರ್ ಬಂದು, "ಸಾರ್, ನಿಮ್ ಚೈನಾ ನಂಬರ್ ಪ್ಲೇಟ್ ಮೇಲೆ ಬಂದೈತೆ, ಆರ್‌ಟಿಒ ಹಿಡೀತಾನೆ, ಒರೆಸ್ರಿ" ಎಂದ. ಇವರು ಕರವಸ್ತ್ರ ತೆಗೆದು ಚೀನಾವನ್ನು ಚೊಕ್ಕಟವಾಗಿ ಒರೆಸಿದರು.

ಹೀಗೆ ಅವರಿಗೆ ಚೈನಾ ಮೇಷ್ಟ್ರು ಎಂದು ಹೆಸರು ಬಿತ್ತು. ಚಿಂತಾಮಣಿಯಲ್ಲಿ ಅದು ಬರೀ ತಮಾಷೆ. ಆದರೆ ಅವರು ವಾಸವಿದ್ದ ಶಿಡ್ಲಘಟ್ಟದಲ್ಲಿ ಅದು ಬೈಗುಳಕ್ಕಿಂತ ಹೆಚ್ಚು. ಆ ಊರು ಬದುಕುವುದೇ ರೇಷ್ಮೆಯಿಂದ. ರೈತರು ಗೂಡು ತಂದು ಮಾರುತ್ತಾರೆ, ರೀಲರ್‌ಗಳು ಹರಾಜಿನಲ್ಲಿ ಕೊಂಡು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುತ್ತಾರೆ. ಆ ವರ್ಷಗಳಲ್ಲಿ ಚೀನಾದ ನೂಲು ಅಗ್ಗಕ್ಕೆ ಬಂದು ಬೀಳುತ್ತಿತ್ತು. ನೂಲಿನ ಬೆಲೆ ಇಳಿದ ದಿನವೆಲ್ಲ ಊರಿನ ಟೀ ಅಂಗಡಿಗಳಲ್ಲಿ ಚೀನಾದ ಏಳು ತಲೆಮಾರಿನ ಜನ್ಮ ಜಾಲಾಡುತ್ತಿದ್ದರು. ಅಂಥ ಊರಿನಲ್ಲಿ ಇವರು ಚೀನಾದ ಜೊತೆ ಒಪ್ಪಂದ ಬೇಕು ಎನ್ನುತ್ತಾ ತಿರುಗಾಡುತ್ತಿದ್ದರು. ಅದೂ ಯಾರ ಮನೆಯಲ್ಲಿ ಇದ್ದುಕೊಂಡು? ಒಬ್ಬ ರೀಲರ್ ಮನೆಯಲ್ಲಿ.

ಆ ರೀಲರ್ ಅಂದರೆ ಅವರ ಅಕ್ಕ. ಗಂಡ ತೀರಿಕೊಂಡ ಮೇಲೆ ಅವರ ಫಿಲೇಚರನ್ನು, ಅಂದರೆ ನೂಲು ತೆಗೆಯುವ ಘಟಕವನ್ನು, ತಾವೇ ನಡೆಸುತ್ತಿದ್ದ ಗಟ್ಟಿಗಿತ್ತಿ. ಹರಾಜಿನ ಕಟ್ಟೆಯಲ್ಲಿ ಗಂಡಸರ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಹೇಗಿದೆ ಎಂದು ಹೇಳುತ್ತಿದ್ದರು. ಮೇಷ್ಟ್ರು ಮದುವೆಯಾಗದೆ ಅಕ್ಕನ ಜೊತೆಯೇ ಉಳಿದವರು. ಮಾತೃಭಾಷೆ ಕನ್ನಡವೇ ಆದರೂ ಸಿಟ್ಟು ಬಂದರೆ ಅಕ್ಕ ತೆಲುಗಿಗೆ ಇಳಿಯುತ್ತಿದ್ದರು. ತಮ್ಮನ ಮೇಲೆ ಹೆಚ್ಚಾಗಿ ತೆಲುಗೇ.

ಅಕ್ಕನ ಗೋಡೆಯ ಆಚೆ ಇನ್ನೊಂದು ಫಿಲೇಚರ್. ಅದರ ಯಜಮಾನರನ್ನು ಬೀದಿಯೆಲ್ಲ ಭಾಯಿ ಎಂದು ಕರೆಯುತ್ತಿತ್ತು. ಸದ್ದಿಲ್ಲದ ಮನುಷ್ಯ. ಅಕ್ಕ ಹತ್ತು ಮಾತಾಡಿದರೆ ಅವರದು ಒಂದು, ಅದೂ ಅರ್ಧ. ಆದರೆ ಹರಾಜಿನಲ್ಲಿ ಇಬ್ಬರೂ ಹಾವು ಮುಂಗುಸಿ. ಅಕ್ಕ ಕಣ್ಣಿಟ್ಟ ಗೂಡಿಗೆ ಭಾಯಿ ಸವಾಲು ಹಾಕದೆ ಬಿಡುತ್ತಿರಲಿಲ್ಲ. ಭಾಯಿ ಮುಟ್ಟಿ ನೋಡಿದ ಗೂಡನ್ನು ಅಕ್ಕ ಬಿಟ್ಟುಕೊಡುತ್ತಿರಲಿಲ್ಲ. ಇಬ್ಬರೂ ಏರಿಸಿ ಏರಿಸಿ, ಕೊನೆಗೆ ಯಾರು ಗೆದ್ದರೂ ಅಸಲೂ ಗಿಟ್ಟುತ್ತಿರಲಿಲ್ಲ. ಆ ಗೂಡು ತಂದಿದ್ದ ರೈತ ಮಾತ್ರ ಮೀಸೆಯಲ್ಲೇ ನಗುತ್ತಾ ಮನೆಗೆ ಹೋಗುತ್ತಿದ್ದ.

ಮೇಷ್ಟ್ರು ತಮ್ಮ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದು ಈ ಹರಾಜನ್ನೇ ತೋರಿಸಿದರು. ಅದು ಅವರ ಅಂತರರಾಷ್ಟ್ರೀಯ ಸಂಬಂಧಗಳ ಪಾಠ. "ನೋಡ್ರಪ್ಪ, ಎಣ್ಣೆ ಬಾವಿ ಮಾರಾಟಕ್ಕೆ ಬಂದ್ರೆ ನಾವೂ ಚೀನಾನೂ ಹಿಂಗೇ ಆಡೋದು. ಎಲ್ಲೋ ಆಫ್ರಿಕಾದಲ್ಲಿ ಬಾವಿ ಇಟ್ಕೊಂಡಿರೋನು ಆ ರೈತ. ಈ ಯಮ್ಮ ನಮ್ಮ ದೇಶ. ಆ ಭಾಯಿ ಚೀನಾ" ಎಂದು ಬೆರಳು ಮಾಡಿ ತೋರಿಸಿದರಂತೆ. ಅಕ್ಕನಿಗೆ ಕೇಳಿಸಿತು. "ಪೋರಾ, ನೀ ಪಾಠಂ ನೀ ಕಾಲೇಜೀಲೋ ಚೆಪ್ಪುಕೋ", ಹೋಗೋ, ನಿನ್ನ ಪಾಠ ನಿನ್ನ ಕಾಲೇಜಿನಲ್ಲೇ ಹೇಳಿಕೋ, ಎಂದು ಮಕ್ಕಳ ಮುಂದೆಯೇ ಅಟ್ಟಿದರು. ಭಾಯಿ ಮಾತ್ರ ಬೇಜಾರು ಮಾಡಿಕೊಳ್ಳದೆ, "ನನ್ನ ಯಾಕೆ ಮೇಷ್ಟ್ರೆ ಚೈನಾ ಮಾಡಿದ್ರಿ? ನಮ್ಮ ತಾತ ಇದೇ ಊರಲ್ಲಿ ಚರಕ ತಿರುಗಿಸ್ತಿದ್ದ" ಎಂದರು. ಮೇಷ್ಟ್ರು ನಾಲಗೆ ಕಚ್ಚಿಕೊಂಡು, "ತಪ್ಪಾಯ್ತು ಭಾಯ್, ನಾಳೆಯಿಂದ ಅಕ್ಕ ಚೈನಾ, ನೀವು ಇಂಡಿಯಾ" ಎಂದು ಅಲ್ಲೇ ತಿದ್ದಿಕೊಂಡರು.

ಅಷ್ಟರಲ್ಲೇ ಎರಡು ದೇಶಗಳೂ ಎಣ್ಣೆಯ ವಿಷಯದಲ್ಲಿ ಮೇಲಾಟ ಬಿಟ್ಟು ಕೈಜೋಡಿಸುವ ಮಾತು ಪೇಪರಿನಲ್ಲಿ ಬಂತು. ಜೊತೆಗೂಡಿ ಬಾವಿಗಳಲ್ಲಿ ಪಾಲು ಕೊಳ್ಳುವುದು, ಒಬ್ಬರ ಮೇಲೊಬ್ಬರು ಬೆಲೆ ಏರಿಸದಿರುವುದು. ಆ ದಿನ ಮೇಷ್ಟ್ರು ಸ್ಟಾಫ್ ರೂಮಿಗೆ ಬೇಕರಿಯ ಖಾರಾ ಬಿಸ್ಕೆಟ್ ತಂದು ಎಲ್ಲರಿಗೂ ಹಂಚಿದರು. ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ಮಾತ್ರ ಕೈ ಚಾಚಲಿಲ್ಲ. "ನಮ್ ಚಿಕ್ಕಪ್ಪ ಅರವತ್ತೆರಡರಲ್ಲಿ ಹಿಮದಲ್ಲಿ ಹೋದೋನು. ಹೆಣಾನೂ ಬರ್ಲಿಲ್ಲ. ನಾನು ಇದನ್ನ ತಿನ್ನಲ್ಲ ಸಾರ್" ಎಂದರು. ನಮ್ಮ ಚೈನಾ ಮೇಷ್ಟ್ರು ಪೊಟ್ಟಣ ಕೆಳಗಿಟ್ಟು, "ತಿನ್ಬೇಡಿ ಸಾರ್. ಮರೀರಿ ಅಂತ ನಾನೆಲ್ಲಿ ಹೇಳ್ದೆ? ಜಗಳ ಇರೋರ ಜೊತೆಗೇ ಒಪ್ಪಂದ ಬೇಕಾಗೋದು. ಜಗಳಾನೇ ಇಲ್ದೋರ ಜೊತೆ ಒಪ್ಪಂದ ಯಾತಕ್ಕೆ?" ಎಂದರು. ಆ ಮಾತನ್ನು ನಾನು ಬಹಳ ಸಲ, ಬಹಳ ಜನರಿಗೆ ನನ್ನದೇ ಎನ್ನುವ ಹಾಗೆ ಹೇಳಿದ್ದೇನೆ.

ಅಲ್ಲಿಗೇ ನಿಂತಿದ್ದರೆ ಅವರು ಎಲ್ಲ ಮೇಷ್ಟ್ರುಗಳ ಹಾಗೆ ಒಬ್ಬ ಮೇಷ್ಟ್ರು. ಅವರು ನಿಲ್ಲುವ ಜಾತಿಯಲ್ಲ. ಮನೆಗೆ ಹೋಗಿ ಅದೇ ಪೇಪರನ್ನು ಅಕ್ಕನಿಗೂ ಭಾಯಿಗೂ ಓದಿ ಹೇಳಿದರು. ಸೌದೆಯ ಬೆಲೆ ಏರಿತ್ತು, ಹುಣಿಸೆ ಬೊಡ್ಡೆಗಳು ಸಿಗುತ್ತಿರಲಿಲ್ಲ. ಇಬ್ಬರೂ ಗೋಡೆಯ ಎರಡು ಕಡೆ ಒಂದೊಂದು ಒಲೆ ಉರಿಸಿ ಹೊಗೆ ಕುಡಿಯುತ್ತಿದ್ದರು. ಎಲ್ಲೋ ಒಂದು ಹಳೆಯ ಬಾಯ್ಲರ್ ಮಾರಾಟಕ್ಕಿತ್ತು, ಒಬ್ಬರಿಂದ ಕೊಳ್ಳಲು ಆಗದಷ್ಟು ದೊಡ್ಡದು. ಮೇಷ್ಟ್ರು ತಿಂಗಳುಗಟ್ಟಲೆ ಗೋಡೆಯ ಈ ಕಡೆಗೂ ಆ ಕಡೆಗೂ ಓಡಾಡಿದ ಮೇಲೆ ಅಕ್ಕ, "ಇವನ ಬಾಯಿ ಮುಚ್ಚಿಸೋಕಾದ್ರೂ ಒಪ್ಕೋತೀನಿ" ಎಂದರು. ಭಾಯಿ ಹೂಂ ಎಂದರು.

ಒಪ್ಪಂದ ಬಾಯಿಮಾತಿನದು. ಬಾಯ್ಲರ್ ಭಾಯಿಯ ಕಡೆ, ಬಿಸಿನೀರಿನ ಪೈಪು ಎರಡೂ ಕಡೆ. ಉರಿಸಲು ಚಿಂತಾಮಣಿಯ ಎಣ್ಣೆ ಮಿಲ್ಲುಗಳಿಂದ ಕಡಲೆಕಾಯಿ ಸಿಪ್ಪೆ, ಖರ್ಚು ಅರ್ಧರ್ಧ. ಹರಾಜಿನಲ್ಲಿ ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಬಾಯಿ ಬಿಡಬಾರದು. ಆದರೆ ನೂಲು ಮಾರುವಾಗ ಅವರವರ ದಾರಿ ಅವರವರಿಗೆ, ಬೇಕಾದಷ್ಟು ಕಚ್ಚಾಡಬಹುದು. "ಒಲೆ ಹಂಚ್ಕೊಂಡ್ರೆ ಊಟ ಹಂಚ್ಕೋಬೇಕು ಅಂತೇನಿಲ್ಲ" ಎನ್ನುವುದು ಮೇಷ್ಟ್ರ ಸಿದ್ಧಾಂತ. ಬಾಯ್ಲರ್ ನೋಡಿಕೊಳ್ಳಲು ನಡುಗೋಡೆಯಲ್ಲಿ ಒಂದು ಬಾಗಿಲು ಒಡೆದರು. ಅಕ್ಕ ತಮ್ಮ ಹಳೆಯ ಒಲೆಯನ್ನು ಕಿತ್ತು, ಆ ಜಾಗದಲ್ಲಿ ಗೂಡಿನ ತಟ್ಟೆಗಳನ್ನು ಜೋಡಿಸಿದರು.

ಒಪ್ಪಂದದ ಮೊದಲ ಹರಾಜಿಗೆ ಮೇಷ್ಟ್ರು ಬರಲೇಬಾರದಾಗಿತ್ತು. "ಇತಿಹಾಸ ಆಗ್ತಿದೆ, ನೋಡ್ಬೇಡ್ವಾ" ಎಂದು ರಜ ಹಾಕಿ ಹೋದರು. ಅಕ್ಕ ಸವಾಲು ಹಾಕುವುದು, ಭಾಯಿ ಸುಮ್ಮನೆ ನಿಲ್ಲುವುದು ಎಂದು ಮಾತಾಗಿತ್ತು. ಭಾಯಿಯ ಪಕ್ಕಕ್ಕೆ ನಿಂತ ಮೇಷ್ಟ್ರು ಯಾರೋ ಪರಿಚಯದ ರೈತನಿಗೆ ಮಲಕ್ಕಾ ಜಲಸಂಧಿ ವಿವರಿಸಲು ಶುರುಮಾಡಿದರು. ಕೈ ಮೇಲೆ ಹೋಯಿತು. ಹರಾಜು ಕೂಗುವವನು ಅದನ್ನು ಭಾಯಿಯ ಸವಾಲು ಎಂದುಕೊಂಡು ಬೆಲೆ ಏರಿಸಿದ. ಅಕ್ಕ ತಿರುಗಿ ನೋಡಿ, ಕೊಟ್ಟ ಮಾತಿಗೆ ಮೊದಲ ದಿನವೇ ತಪ್ಪಿದನಲ್ಲ ಎಂದು ಹಲ್ಲು ಕಚ್ಚಿ ಇನ್ನಷ್ಟು ಏರಿಸಿದರು. ಅಷ್ಟರಲ್ಲಿ ಮೇಷ್ಟ್ರ ಹಡಗು ಅಂಡಮಾನ್ ದಾಟಿ, ಕೈ ಮತ್ತೆ ಮೇಲೆ. ಭಾಯಿ ಬೆವೆತುಹೋಗಿ, ಕೊನೆಗೆ ಮೇಷ್ಟ್ರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತುಬಿಟ್ಟರು. ಆ ದಿನ ಅಕ್ಕ ಕೊಂಡ ಗೂಡಿನಷ್ಟು ದುಬಾರಿ ಗೂಡನ್ನು ಆ ಸುಗ್ಗಿಯಲ್ಲಿ ಯಾರೂ ಕೊಂಡಿರಲಿಲ್ಲ.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಕಲಗಚ್ಚಿನ ಬಾನಿಗೆ ಬಿತ್ತಂತೆ. ಇನ್ನೊಂದು ಸಲ ಮಾರ್ಕೆಟ್ ಕಡೆ ತಲೆ ಹಾಕಿದ್ರೆ ಕೈ ಕಟ್ಟಿ ಮೂಲೇಲಿ ಕೂರಿಸ್ತೀನಿ" ಎಂದು ಅಕ್ಕ ಆಜ್ಞೆ ಮಾಡಿದರು. ಇದನ್ನು ಮಾರನೆಯ ದಿನ ಬಸ್ಸಿನಲ್ಲಿ ಮೇಷ್ಟ್ರೇ ನನಗೆ ಹೇಳಿದ್ದು, ಆಗಲೂ ಕೈ ಎತ್ತಿ ತೋರಿಸುತ್ತಾ. ನಾನು ನಕ್ಕು ನಕ್ಕು ಚಿಂತಾಮಣಿಯಲ್ಲಿ ಇಳಿಯುವಾಗ ಕೊಡೆ ಬಸ್ಸಿನಲ್ಲೇ ಬಿಟ್ಟೆ.

ಮುಂದೆ ಒಂದೆರಡು ವರ್ಷ ಬಾಯ್ಲರ್ ಚೆನ್ನಾಗಿ ನಡೆಯಿತು. ಸಂಜೆ ಕಾಲೇಜು ಬಿಟ್ಟ ಮೇಲೆ ಮೇಷ್ಟ್ರು ಎಣ್ಣೆ ಮಿಲ್ಲಿಗೆ ಹೋಗಿ ಸಿಪ್ಪೆಯ ಲೋಡು ಗೊತ್ತುಮಾಡಿ ಬರುತ್ತಿದ್ದರು. ಅವರ ಅಂಗಿಯಿಂದ ಹುರಿದ ಕಡಲೆಕಾಯಿಯ ವಾಸನೆ ಬರುತ್ತಿತ್ತು. ದೇಶದಲ್ಲೆಲ್ಲ ಅಮೆರಿಕದ ಜೊತೆಗಿನ ಅಣು ಒಪ್ಪಂದದ ಗಲಾಟೆ ನಡೆಯುತ್ತಿದ್ದಾಗ ಸ್ಟಾಫ್ ರೂಮೂ ಎರಡು ಪಕ್ಷವಾಯಿತು. ಇವರು ಯಾವ ಪಕ್ಷಕ್ಕೂ ಸೇರದೆ, "ದೂರದೋರ ಹತ್ರ ಬೆಂಕಿ ಕೇಳೋಕೆ ಹೋಗೋ ಮುಂಚೆ ಪಕ್ಕದ ಮನೆ ಒಲೆ ನೋಡಿ" ಎಂದು ಎರಡೂ ಕಡೆಯಿಂದ ಬೈಸಿಕೊಂಡರು. ಹೆಮ್ಮೆ ಬಂದುಬಿಟ್ಟಿತ್ತು ಅವರಿಗೆ. ತಮ್ಮ ಅಕ್ಕನ ಗೋಡೆಯಲ್ಲಿ ಏಷ್ಯಾದ ಭವಿಷ್ಯ ಕಂಡವರಿಗೆ ಹೆಮ್ಮೆ ಬಾರದೆ ಇನ್ನೇನು.

ಆಮೇಲೆ ನೂಲಿನ ಬೆಲೆ ಕುಸಿಯಿತು. ಚೀನಾದ ನೂಲಿಗೆ ತೆರಿಗೆ ಏರಿಸಬೇಕೆಂದು ರೀಲರ್‌ಗಳು ಧರಣಿಗೆ ಕೂತರು. ಮುಂದಾಳು ಭಾಯಿ. ಆ ಸದ್ದಿಲ್ಲದ ಮನುಷ್ಯನನ್ನು ಜನ ಯಾಕೆ ಮುಂದಾಳು ಮಾಡಿದರೆಂದು ಆಗ ನನಗೆ ಅರ್ಥವಾಗಿರಲಿಲ್ಲ. ಓದಿದವರು ಒಬ್ಬರು ಮಾತಾಡಲಿ ಎಂದು ಮೇಷ್ಟ್ರನ್ನು ವೇದಿಕೆ ಹತ್ತಿಸಿದರು. ಇವರು ಚೀನಾಕ್ಕೆ ಧಿಕ್ಕಾರ ಹೇಳುವುದು ಬಿಟ್ಟು, "ನೂಲಿನ ವಿಷ್ಯದಲ್ಲಿ ಹೊಡೆದಾಡೋಣ, ನಾನೂ ಬರ್ತೀನಿ. ಆದ್ರೆ ಅವ್ರ ನೂಲು ಅಗ್ಗ ಯಾಕೆ? ಅವ್ರ ಒಲೆ ಅಗ್ಗ. ಬೆಂಕಿ ವಿಷ್ಯದಲ್ಲಿ ಅವ್ರ ಜೊತೆ..." ಎನ್ನುತ್ತಿದ್ದ ಹಾಗೇ ಮೈಕು ಕಿತ್ತುಕೊಂಡರು. "ಚೈನಾ ಏಜೆಂಟ್, ಇಳಿಯೋ" ಎಂದು ಕೂಗು. ಅಕ್ಕನೇ ಹೋಗಿ ಕೈ ಹಿಡಿದು ಎಳೆದುಕೊಂಡು ಬಂದರಂತೆ. ಆ ದಿನದಿಂದ ರೀಲರ್‌ಗಳ ಸಂಘದ ಕೆಲವರು ಅಕ್ಕನ ಜೊತೆಯೂ ಮಾತು ಬಿಟ್ಟರು.

ಧರಣಿಗೆ ಯಾರೂ ಬಗ್ಗದಿದ್ದಾಗ ಸಂಘ ಒಲೆ ಬಂದ್ ಎಂದಿತು. ಊರಿನ ಒಂದು ಚಿಮಣಿಯಲ್ಲೂ ಹೊಗೆ ಬರಕೂಡದು. ಒಂದೆರಡು ದಿನದ ಮಾತು ಎಂದುಕೊಂಡು ಅಕ್ಕನೂ ಒಪ್ಪಿದರು. ಮನೆಯಲ್ಲಿ ಆಗಷ್ಟೇ ಕೊಂಡು ತಂದ ಗೂಡು ತುಂಬಿತ್ತು. ಬಂದ್ ಮುಂದುವರಿಯಿತು. ಗೂಡು ಕಲ್ಲಲ್ಲ, ಒಳಗೆ ಜೀವವಿದೆ. ಬಿಸಿನೀರಿಗೋ ಹಬೆಗೋ ಹಾಕದೆ ಬಿಟ್ಟರೆ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಲ್ಲಿ ನೂಲಿಲ್ಲ. ಬಿಸಿಲಿಗಾದರೂ ಹಾಕೋಣವೆಂದರೆ ಮೋಡ ಕವಿದು ಕೂತಿತ್ತು. ಅಕ್ಕ ಹೋಗಿ ಭಾಯಿಯನ್ನು ಕೇಳಿದರು, ನೂಲು ತೆಗೆಯುವುದಿಲ್ಲ, ಒಂದು ಹೊತ್ತು ಹಬೆ ಕೊಟ್ಟರೆ ಸಾಕು ಎಂದು. ಭಾಯಿ, "ಆಗಲ್ಲ ಅಕ್ಕ. ನಮ್ಮ ಚಿಮಣೀಲಿ ಹೊಗೆ ಕಂಡ್ರೆ ಊರೆಲ್ಲ ಒಲೆ ಹಚ್ತಾರೆ" ಎಂದು ಬಾಗಿಲು ಹಾಕಿಕೊಂಡರು. ಅಕ್ಕನ ಇಡೀ ಬಂಡವಾಳ ಆ ತಟ್ಟೆಗಳಲ್ಲಿತ್ತು. ಅದು ಹೋದರೆ ಫಿಲೇಚರ್ ಮುಚ್ಚಬೇಕು, ಅಲ್ಲಿ ದುಡಿಯುತ್ತಿದ್ದ ಹೆಂಗಸರು ಬೇರೆ ಕೂಲಿ ಹುಡುಕಬೇಕು.

ಆ ದಿನಗಳಲ್ಲಿ ಮೇಷ್ಟ್ರು ಬಸ್ಸಿನಲ್ಲಿ ಕಾಣಲಿಲ್ಲ. ನನಗೆ ತಡೆಯಲಿಲ್ಲ. ಒಂದು ಮಧ್ಯಾಹ್ನ ವಾಪಸ್ಸು ಬರುವಾಗ ಶಿಡ್ಲಘಟ್ಟದಲ್ಲಿ ಇಳಿದು ಅವರ ಮನೆಗೆ ನಡೆದೆ. ಬೀದಿಯಲ್ಲಿ ಎಂದಿನ ಹೊಗೆಯಿಲ್ಲ, ಬೆಂದ ಹುಳುವಿನ ಘಾಟಿಲ್ಲ. ಹಿತ್ತಲಿಗೆ ಹೋದರೆ ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು, ಮೊಣಕೈವರೆಗೂ ಕೆಸರು ಮಾಡಿಕೊಂಡು ಇಟ್ಟಿಗೆ ಜೋಡಿಸುತ್ತಿದ್ದರು. ಹೊಸ ಒಲೆ.

"ಏನ್ ಸಾರ್ ಇದು?" ಎಂದೆ.

"ಒಲೆ ಕಣಮ್ಮ. ಬಂದ್ ಮುಗಿದ ಮೇಲೆ ಅಕ್ಕನ ಒಲೆ ಅಕ್ಕನದು. ಇನ್ಯಾರ ಹಂಗೂ ಬೇಡ" ಎಂದರು. ನನ್ನ ಮುಖ ನೋಡಲಿಲ್ಲ. "ನಾನು ಪುಸ್ತಕ ಓದಿ ಅವಳನ್ನ ಹಾಳು ಮಾಡ್ದೆ. ಬೆಂಕೀನ ಇನ್ನೊಬ್ರ ಕೈಗೆ ಕೊಟ್ಟೋನು ಕತ್ತೇನೂ ಕೊಟ್ಟ ಹಾಗೆ. ಅವನು ಮುಂದಾಳು, ಬಂದ್ ಆಗೋದು ಅವನಿಗೆ ಮುಂಚೇನೇ ಗೊತ್ತಿತ್ತು. ಅವನ ಗೂಡನ್ನ ಆಗ್ಲೇ ಹಬೆಗೆ ಹಾಕ್ಕೊಂಡಿರ್ತಾನೆ. ಇಲ್ದಿದ್ರೆ ಇಷ್ಟು ಸದ್ದಿಲ್ದೆ ಹೆಂಗಿರ್ತಾನೆ ಹೇಳಿ?"

ಏಷ್ಯಾದ ಭವಿಷ್ಯವನ್ನೆಲ್ಲ ಹೇಳಿದ್ದ ಬಾಯಲ್ಲಿ ಈ ಮಾತು ಕೇಳಿ ನನಗೆ ಕೋಪ ಬಂತು. ಕೋಪಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅವರು ಸೋತರೆ ಬಸ್ಸಿನಲ್ಲಿ ಕೇಳಿದ್ದೆಲ್ಲ ಸುಳ್ಳಾಗುತ್ತದಲ್ಲ ಎಂದು.

ಒಳಗೆ ಅಕ್ಕ ತಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಚಿಟ್ಟೆಗಳು ಬಂದುಬಿಟ್ಟಿದ್ದವು. ಬೆಳ್ಳಗೆ, ಒದ್ದೆ ಒದ್ದೆಯಾಗಿ, ಹಾರಲಾರದೆ ರೆಕ್ಕೆ ಬಡಿಯುತ್ತಾ ಎಲ್ಲ ಕಡೆ ತೆವಳುತ್ತಿದ್ದವು. ಒಂದು ಅವರ ಸೆರಗಿನ ಮೇಲೇ ಇತ್ತು. ಅಕ್ಕ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅವರು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಇದ್ದಕ್ಕಿದ್ದಂತೆ ಎದ್ದು, "ಅವನ ಗೂಡು ಹೆಂಗೈತೆ ಅಂತ ನನ್ನ ಕಣ್ಣಲ್ಲೇ ನೋಡ್ತೀನಿ. ನೋಡಿ ಮುಖಕ್ಕೆ ಉಗಿದು ಬರ್ತೀನಿ. ಬಾಮ್ಮ ನೀನೂ, ಸಾಕ್ಷಿಗೆ" ಎಂದು ನಡುಗೋಡೆಯ ಬಾಗಿಲು ತಳ್ಳಿಕೊಂಡು ಆಚೆ ನಡೆದರು. ನಾನು ಹಿಂದೆಯೇ ಓಡಿದೆ.

ಆಚೆಯೂ ಚಿಟ್ಟೆಗಳೇ. ಇಲ್ಲಿಗಿಂತ ಹೆಚ್ಚು. ನೆಲವೆಲ್ಲ ಬೆಳ್ಳಗೆ ಅಲುಗಾಡುತ್ತಿತ್ತು. ತಣ್ಣಗೆ ಬಿದ್ದಿದ್ದ ಬಾಯ್ಲರಿನ ಪಕ್ಕ ಭಾಯಿ ಒಬ್ಬರೇ ಪೊರಕೆ ಹಿಡಿದು, ಸದ್ದಾಗದ ಹಾಗೆ ಗುಡಿಸಿ ಗುಡಿಸಿ ಚೀಲಕ್ಕೆ ತುಂಬುತ್ತಿದ್ದರು.

ಅಕ್ಕ ಬಾಗಿಲಲ್ಲೇ ನಿಂತರು. "ಯಾವಾಗ ಬಂದ್ವು?"

"ನಿಮಗಿಂತ ಮುಂಚೆ ಅಕ್ಕ. ನಂದು ಹಳೇ ಗೂಡು."

"ಯಾಕೆ ಹೇಳ್ಲಿಲ್ಲ?"

"ಮುಂದೆ ನಿಂತೋನ ಗೂಡೇ ಹೋಯ್ತು ಅಂತ ಗೊತ್ತಾದ್ರೆ ಎಲ್ರೂ ಹೆದರಿ ಒಲೆ ಹಚ್ತಾರೆ" ಎಂದರು ಭಾಯಿ. ಚೀಲದ ಬಾಯಿ ಕಟ್ಟುತ್ತಾ, "ನಿಮಗೆ ಹಬೆ ಇಲ್ಲ ಅಂದು ನಂದು ಮಾತ್ರ ಉಳಿಸ್ಕೊಂಡಿಲ್ಲ ಅಂತ ಹೇಳಿದ್ರೆ ನಂಬ್ತಿದ್ರಾ? ನಿಮಗೆ ಕೊಡ್ಲಿಲ್ಲ, ನಾನೂ ತಗೊಳ್ಲಿಲ್ಲ" 
ಎಂದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ಬೀದಿಯಲ್ಲಿ ಯಾರೂ ಕೇಳಿರಲಾರರು.

ಅಕ್ಕ ಒಳಗೆ ಹೋಗಿ ಮೂಲೆಯಲ್ಲಿದ್ದ ಇನ್ನೊಂದು ಪೊರಕೆ ತೆಗೆದುಕೊಂಡರು. ಇಬ್ಬರೂ ಸೇರಿ ಆ ಕೋಣೆ ಗುಡಿಸಿದರು. ಮುಗಿದ ಮೇಲೆ ಭಾಯಿ ಅಕ್ಕನ ಕಡೆಯದನ್ನೂ ಗುಡಿಸಲು ಅವರ ಹಿಂದೆ ಬಾಗಿಲು ದಾಟಿ ಬಂದರು. ಹಿತ್ತಲಲ್ಲಿ ಅರ್ಧಕ್ಕೂ ಹೆಚ್ಚು ಎದ್ದಿದ್ದ ಒಲೆ ಅವರ ಕಣ್ಣಿಗೆ ಬಿತ್ತು. ಮೇಷ್ಟ್ರು ಕೈಯಲ್ಲಿ ಇಟ್ಟಿಗೆ ಹಿಡಿದು ನಿಂತಿದ್ದರು. ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು ನನಗೆ.

"ಇದೇನು ಮೇಷ್ಟ್ರೆ?" ಎಂದರು ಭಾಯಿ.

ಅಕ್ಕನೇ, "ನನ್ನ ಒಲೆ. ನಿನ್ನ ಬಾಯ್ಲರ್ ಬೇಡ ಅಂತ ಕಟ್ಟಿಸ್ತಿದ್ದೆ. ನಿಂದು ಉಳಿಸ್ಕೊಂಡು ನಂದು ಕೊಂದೆ ಅಂದ್ಕೊಂಡಿದ್ವಿ ಇಬ್ರೂ" ಎಂದರು. ಒಂದಕ್ಷರ ಮುಚ್ಚಿಡಲಿಲ್ಲ.

ಭಾಯಿ ಹೋಗಿ ಒಲೆಯ ಮುಂದೆ ಕೂತು, ಅದರ ಬಾಯಿಯೊಳಗೆ ಕೈ ಹಾಕಿ ನೋಡಿ, ತಲೆಯೆತ್ತಿ ಮರದ ಎಲೆ ಯಾವ ಕಡೆ ಅಲುಗುತ್ತಿದೆ ಎಂದು ನೋಡಿದರು. "ಒಲೆ ಬಾಯಿ ಈ ಕಡೆ ಇಟ್ಟಿದ್ದೀರ. ಗಾಳಿ ಕೆರೆ ಕಡೆಯಿಂದ ಬರೋದು. ಹೊಗೆಯೆಲ್ಲ ಅಕ್ಕನ ಅಡುಗೆಮನೆಗೆ ನುಗ್ಗುತ್ತೆ" ಎಂದು ಮೇಲಿನ ಸಾಲನ್ನು ಬಿಚ್ಚತೊಡಗಿದರು.

"ಬಿಡಿ ಭಾಯ್, ನಾನೇ ಕೆಡವಿಬಿಡ್ತೀನಿ" ಎಂದರು ಮೇಷ್ಟ್ರು.

"ಕೆಡವೋದ್ಯಾಕೆ? ಇರ್ಲಿ. ನಾಳೆ ನಾನು ಹೋದೆ ಅಂತಿಟ್ಕೊಳ್ಳಿ, ನಮ್ಮ ಹುಡುಗ್ರು ಹೆಂಗೋ ಏನೋ. ಅಕ್ಕಂಗೆ ಅಂತ ಒಂದು ಒಲೆ ಇರ್ಬೇಕು."

"ನಾನು ನಿಮ್ಮನ್ನ ನಂಬಲಿಲ್ಲ ಭಾಯ್."

"ಗೊತ್ತಾಯ್ತಲ್ಲ, ಒಲೆ ನೋಡಿದ್ನಲ್ಲ" ಎಂದರು ಭಾಯಿ, ತಲೆ ಎತ್ತದೆ. "ಇಟ್ಟಿಗೆ ಕೊಡಿ."

ಮೇಷ್ಟ್ರು ಕೊಟ್ಟರು.